ಆಡು ಮುಟ್ಟದ ಸೊಪ್ಪು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂದ ಹಿರಿಯರು ಹೇಮಗುಡ್ಡದ ಕಡೆ ಬಂದಿರಲಿಕ್ಕಿಲ್ಲ. ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ಹಾದಿಯ ಈ ಬಂಡೆಗುಡ್ಡಗಳಲ್ಲಿ ಆಡು ಮೇಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಗಾದೆಯ ಸುಳ್ಳು ಬಯಲಾಗುತ್ತದೆ. ಬಾರಿಕಂಟಿಯ ಎಲೆಯನ್ನು ಅವು ಮುಳ್ಳಿನ ಸಂದಿಯಿಂದಲೇ ಬಿಡಿಸಿಕೊಂಡು ತಿನ್ನುತ್ತವೆ. ಕಾರಿಕಂಟಿಯನ್ನು ಬೋಳು ಮಾಡುತ್ತವೆ. ಬೇವಿನ ಕಹಿಗೂ ಅಂಜುವುದಿಲ್ಲ, ಟೊಂಗೆ ಕಡಿದು ಹಾಕಿದರೆ ಮುಗಿಬೀಳುತ್ತವೆ. ಅದೇ ಆಡು ಪಕ್ಕದಲ್ಲಿ ಹಸಿರಾಗಿ ನಿಂತ ಸೀತಾಫಲದ ಗಿಡಕ್ಕೆ ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ಹಳದಿ ಹೂವಿನ ತಂಗಡಿ, ಮುರಿದರೆ ಹಾಲು ಸುರಿಸುವ ಎಕ್ಕೆ, ಇವುಗಳ ಗೊಡವೆಗೂ ಹೋಗುವುದಿಲ್ಲ.

ಶತಮಾನಗಳಿಂದ ಕುರಿ, ಆಡು ಮೇಯ್ದ ಗುಡ್ಡದಲ್ಲಿ ಇವತ್ತು ಯಾವ ಗಿಡ ಉಳಿದಿದೆ ಎಂಬುದನ್ನು ತೀರ್ಮಾನಿಸಿದ್ದು ಮಳೆ ಮಣ್ಣು ಮಾತ್ರ ಅಲ್ಲ, ಆಡಿನ ನಾಲಿಗೆಯೂ ಹೌದು. ಗಿಡಕ್ಕೆ ಓಡಲು ಕಾಲಿಲ್ಲ. ಅದರ ಕೈಯಲ್ಲಿರುವುದು ಮುಳ್ಳು, ಇಲ್ಲವೆ ರಸಾಯನ. ನಾವು ‘ಔಷಧೀಯ ಗುಣ’ ಎಂದು ಕೊಂಡಾಡುವುದರಲ್ಲಿ ಬಹುಪಾಲು ಈ ಎರಡನೆಯ ಆಯುಧವೇ. ಅದನ್ನು ಗಿಡ ಮಾಡಿಕೊಂಡದ್ದು ತನ್ನ ಜೀವ ಉಳಿಸಿಕೊಳ್ಳಲು, ನಮ್ಮ ಸಕ್ಕರೆ ಕಾಯಿಲೆ ವಾಸಿ ಮಾಡಲು ಅಲ್ಲ. ಇಷ್ಟನ್ನು ನೆನಪಿಟ್ಟುಕೊಂಡರೆ ‘ಗಿಡಮೂಲಿಕಿ ಅಲ್ಲೇನ್ರಿ, ಏನೂ ಆಗಂಗಿಲ್ಲ ಬಿಡ್ರಿ’ ಎಂಬ ನಮ್ಮ ಕಡೆಯ ಧಾರಾಳದ ಮಾತಿಗೆ ಒಂದು ಕ್ಷಣ ತಡೆ ಬೀಳುತ್ತದೆ.

ಸೀತಾಫಲದಿಂದಲೇ ಶುರು ಮಾಡೋಣ, ಏಕೆಂದರೆ ಈ ಗುಡ್ಡಗಳ ಮೇಲೆ ಅದರದೇ ರಾಜ್ಯ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಕಟ್ಟಿದ್ದಲ್ಲ. ಮೂಲದಲ್ಲಿ ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂತು ಎಂಬುದು ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚಿನವರ ಮಾತು. ಹಾಗಾದರೆ 1327ರಲ್ಲಿ ದೆಹಲಿಯ ಸೈನ್ಯ ಕುಮ್ಮಟದುರ್ಗದ ಮೇಲೆ ಬಂದಾಗ ಈ ಬಂಡೆಗಳ ಸಂದಿಯಲ್ಲಿ ಕಾದು ಕುಳಿತ ಕುಮಾರರಾಮನ ಕಡೆಯವರಿಗೆ ಸೀತಾಫಲ ಸಿಕ್ಕಿರಲಾರದು. ಸೀತಾಫಲ, ರಾಮಫಲ, ಲಕ್ಷ್ಮಣಫಲ, ಹನುಮಫಲ ಎಲ್ಲವೂ ಒಂದೇ ಕುಲದ ಪರದೇಶಿ ಗಿಡಗಳು. ಆನೆಗೊಂದಿಯ ಅಂಜನಾದ್ರಿಯನ್ನು ಇಷ್ಟು ಹತ್ತಿರ ಇಟ್ಟುಕೊಂಡು ಈ ಮಾತು ಹೇಳಲು ಸ್ವಲ್ಪ ಧೈರ್ಯ ಬೇಕು.

ಪರದೇಶದಿಂದ ಬಂದ ಗಿಡ ಬೇಲಿಯಿಲ್ಲದ ಗುಡ್ಡದಲ್ಲಿ ಹೀಗೆ ಹಬ್ಬಲು ಅದರ ಎಲೆಯೇ ಕಾರಣ. ಎಲೆಯಲ್ಲಿ ಅನೊನೈನ್ ಮುಂತಾದ ಆಲ್ಕಲಾಯ್ಡುಗಳಿವೆ. ಅದಕ್ಕಿಂತ ಬಿರುಸಿನ ಸಾಮಾನು ಬೀಜದೊಳಗಿದೆ. ಅದಕ್ಕೆ ಅಸಿಟೊಜೆನಿನ್ ಎಂದು ಹೆಸರು. 35 ಅಥವಾ 37 ಇಂಗಾಲದ ಪರಮಾಣುಗಳ ಉದ್ದನೆಯ ಮೇಣದಂಥ ಅಣು. ಸೀತಾಫಲದ ಕುಟುಂಬ ಬಿಟ್ಟರೆ ಬೇರೆ ಗಿಡಗಳಲ್ಲಿ ಇದು ಸಿಗುವುದಿಲ್ಲ ಎನ್ನಬಹುದು. ಮೊದಲ ಅಸಿಟೊಜೆನಿನ್ ರಚನೆ ಪ್ರಕಟವಾದದ್ದು 1982ರಲ್ಲಿ. ಆಮೇಲೆ ನೂರಾರು ಬಗೆಯವು ಪತ್ತೆಯಾದವು. ಅವುಗಳಲ್ಲಿ ಸ್ಕ್ವಾಮೊಸಿನ್ ಎಂಬುದಕ್ಕೆ ಹೆಸರು ಬಂದದ್ದೇ ಸೀತಾಫಲದ ಸಸ್ಯಶಾಸ್ತ್ರೀಯ ಹೆಸರಿನಿಂದ.

ಅದು ಮಾಡುವ ಕೆಲಸ ಇಷ್ಟೇ. ಪ್ರತಿ ಜೀವಕೋಶದಲ್ಲೂ ಉಸಿರಿನ ಆಮ್ಲಜನಕ ಬಳಸಿಕೊಂಡು ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇರುತ್ತವೆ. ಅಸಿಟೊಜೆನಿನ್ ಆ ತಯಾರಿಕೆಯ ಮೊದಲ ಹಂತವನ್ನೇ ಹಿಡಿದು ನಿಲ್ಲಿಸುತ್ತದೆ. ಹಿಟ್ಟಿನ ಗಿರಣಿಗೆ ಕರೆಂಟು ಹೋದ ಹಾಗೆ, ಜೋಳ ಇದೆ, ಕಲ್ಲು ಇದೆ, ಹಿಟ್ಟು ಮಾತ್ರ ಬೀಳುವುದಿಲ್ಲ. ಹುಳಕ್ಕೂ ಹೇನಿಗೂ ಮನುಷ್ಯನಿಗೂ ಈ ಗಿರಣಿ ಹೆಚ್ಚು ಕಡಿಮೆ ಒಂದೇ ಥರದ್ದು. ಆದ್ದರಿಂದಲೇ ಹಳ್ಳಿಗಳಲ್ಲಿ ಸೀತಾಫಲದ ಬೀಜ ಕುಟ್ಟಿ ಹೇನಿಗೆ ಹಚ್ಚುವುದು, ಕಾಳಿನ ಹುಳಕ್ಕೆ ಬಳಸುವುದು ನಡೆದು ಬಂದಿದೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ತಲೆಗೆ ಹಚ್ಚಿದ ಪುಡಿ ಬೆವರಿನೊಂದಿಗೆ, ಸ್ನಾನದ ನೀರಿನೊಂದಿಗೆ ಕಣ್ಣಿಗೆ ಇಳಿದರೆ ಕಾರ್ನಿಯಾ ಸುಟ್ಟು ಹುಣ್ಣಾಗುತ್ತದೆ. ಕಣ್ಣಿನ ವೈದ್ಯರು ಇಂಥ ಪ್ರಕರಣಗಳನ್ನು ಭಾರತದಲ್ಲೂ ಹೊರಗೂ ಮತ್ತೆ ಮತ್ತೆ ದಾಖಲಿಸಿದ್ದಾರೆ. ಶಾಲೆಗೆ ಹೋಗುವ ಹುಡುಗಿಯರ ತಲೆಗೆ ಈ ಪುಡಿ ಹಚ್ಚುವ ಮನೆಗಳು ಈಗಲೂ ಇವೆ. ಹಲ್ಲು ಸಣ್ಣ ಇರುವ ಬಾಚಣಿಗೆ, ಆಸ್ಪತ್ರೆಯಲ್ಲಿ ಕೊಡುವ ಪರ್ಮೆಥ್ರಿನ್ ಇದಕ್ಕಿಂತ ಮೇಲು. ಪುಡಿ ಕಣ್ಣಿಗೆ ಬಿದ್ದೇ ಬಿಟ್ಟರೆ ಎಣ್ಣೆ, ಹಾಲು, ಹರಳೆಣ್ಣೆ ಎಂದು ಓಡಾಡಬಾರದು. ಶುದ್ಧ ನೀರನ್ನು ಕಾಲು ಗಂಟೆಯಾದರೂ ಬಿಡದೆ ಹನಿಸಿ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟು ವಿಷ ಹೊತ್ತ ಗಿಡ ಹಣ್ಣನ್ನು ಅಷ್ಟು ಸಿಹಿ ಮಾಡುವುದೇಕೆ? ಅದರಲ್ಲಿ ವಿರೋಧವೇನಿಲ್ಲ. ತಿರುಳು ಹಕ್ಕಿಗೆ, ಕೋತಿಗೆ, ಕರಡಿಗೆ ಕೊಟ್ಟ ಕೂಲಿ, ಬೀಜವನ್ನು ದೂರ ಒಯ್ದು ಹಾಕಲಿ ಎಂದು. ಬೀಜವನ್ನು ಅಗಿದರೆ ಮಾತ್ರ ಕೂಲಿಯವನಿಗೆ ಶಿಕ್ಷೆ. ಇಡಿಯಾಗಿ ನುಂಗಿದ ಬೀಜದ ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಒಡೆಯುವುದಿಲ್ಲ, ಹಾಗೇ ಹೊರಬೀಳುತ್ತದೆ. ಮಗು ಒಂದು ಬೀಜ ನುಂಗಿತೆಂದು ಗಾಬರಿಯಾಗುವ ತಾಯಂದಿರು ನಿಶ್ಚಿಂತೆಯಿಂದ ಇರಬಹುದು, ಉಸಿರಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಹಣ್ಣಿನ ವಿಚಾರಕ್ಕೆ ಬಂದರೆ ನನಗೆ ಅನುಮಾನವೇ ಇಲ್ಲ. ದಸರೆಯ ಹೊತ್ತಿಗೆ ಹೇಮಗುಡ್ಡದ ದುರ್ಗಾಪರಮೇಶ್ವರಿಯ ಜಾತ್ರೆ, ಜಂಬೂಸವಾರಿ ನಡೆಯುವ ದಿನಗಳಲ್ಲೇ ಬುಟ್ಟಿ ತುಂಬ ಗುಡ್ಡದ ಸೀತಾಫಲ ರಸ್ತೆ ಬದಿಗೆ ಬರುತ್ತದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 36 ಮಿಲಿಗ್ರಾಂ ಸಿ ಜೀವಸತ್ವ, 4 ಗ್ರಾಂಗೂ ಮೇಲ್ಪಟ್ಟು ನಾರು, ಒಳ್ಳೆಯ ಪ್ರಮಾಣದ ಪೊಟ್ಯಾಸಿಯಂ ಇವೆ. ಜೊತೆಗೆ 23 ಗ್ರಾಂನಷ್ಟು ಪಿಷ್ಟ–ಸಕ್ಕರೆಯೂ ಇದೆ. ಸಕ್ಕರೆ ಕಾಯಿಲೆ ಇದ್ದವರು ಒಂದು ಸಣ್ಣ ಹಣ್ಣನ್ನು ಊಟದ ಲೆಕ್ಕದಲ್ಲಿ ಹಿಡಿದು ತಿನ್ನಬಹುದು, ಬುಟ್ಟಿ ಮುಂದೆ ಕುಳಿತು ತಿನ್ನುವ ಹಾಗಿಲ್ಲ. ಕೆಲವರು ಹಣ್ಣನ್ನು ಬಿಟ್ಟು ‘ಸಕ್ಕರೆಗೆ ಒಳ್ಳೆಯದು’ ಎಂದು ಎಲೆಯ ಕಷಾಯ ಕುಡಿಯುತ್ತಾರೆ. ಆಡು ಒಲ್ಲದ್ದನ್ನು ಇವರು ಕುಡಿಯುತ್ತಾರಲ್ಲ ಎಂದು ಸೋಜಿಗವಾಗುತ್ತದೆ.

ಆ ಕಷಾಯದ ಮಾತನ್ನು ಸುಮ್ಮನೆ ತೆಗೆದದ್ದಲ್ಲ. ಇದೇ ಕುಲದ ಲಕ್ಷ್ಮಣಫಲದ ಎಲೆ, ಹಣ್ಣು ಕ್ಯಾನ್ಸರ್ ವಾಸಿ ಮಾಡುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತು ಹೊಡೆಯುತ್ತದೆ. ಇದರಲ್ಲಿ ಒಂದು ಕಾಳಿನಷ್ಟು ನಿಜ ಇದೆ, ಅದೇ ತೊಂದರೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಅಸಿಟೊಜೆನಿನ್ ಕೊಲ್ಲುತ್ತದೆ. ಕೋಶದ ಶಕ್ತಿ ತಯಾರಿಕೆಯನ್ನೇ ನಿಲ್ಲಿಸುವ ವಸ್ತು ಯಾವ ಕೋಶವನ್ನು ತಾನೇ ಕೊಲ್ಲುವುದಿಲ್ಲ? ರೋಗಿಗಳ ಮೇಲೆ ನಡೆದ ಯಾವ ಸರಿಯಾದ ಪರೀಕ್ಷೆಯೂ ಇದು ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ತೋರಿಸಿಲ್ಲ. ಇನ್ನೊಂದು ಕಡೆ, ಕೆರಿಬಿಯನ್ ಸಮುದ್ರದ ಗ್ವಾಡೆಲೋಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ, ಆದರೆ ಅದರ ಮಾಮೂಲಿ ಔಷಧಕ್ಕೆ ಬಗ್ಗದ ನಡುಕದ ಕಾಯಿಲೆ ಅತಿಯಾಗಿ ಕಂಡಿತು. ಆ ರೋಗಿಗಳಲ್ಲಿ ಬಹಳ ಮಂದಿ ಲಕ್ಷ್ಮಣಫಲವನ್ನೂ ಅದರ ಎಲೆಯ ಕಷಾಯವನ್ನೂ ವರ್ಷಗಟ್ಟಲೆ ಸೇವಿಸಿದವರು ಎಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಮುಂದೆ ಅನೊನಾಸಿನ್ ಎಂಬ ಅಸಿಟೊಜೆನಿನ್ ಕೊಟ್ಟ ಇಲಿಗಳ ಮೆದುಳಿನಲ್ಲಿ ನರಕೋಶಗಳು ಸತ್ತದ್ದು ಕಂಡಿತು. ಮನುಷ್ಯರಲ್ಲಿ ಇದೇ ಕಾರಣ ಎಂದು ಕಡ್ಡಿ ಮುರಿದಂತೆ ಸಾಬೀತಾಗಿಲ್ಲ ನಿಜ. ಆದರೆ ಗುಣ ಸಾಬೀತಾಗದ, ಹಾನಿಯ ಶಂಕೆ ಇರುವ ಕಷಾಯವನ್ನು ದಿನಾ ಕುಡಿಯಲು ನನಗಂತೂ ಕಾರಣ ಕಾಣುವುದಿಲ್ಲ. ಕೀಮೋ ಬಿಟ್ಟು ಅದರ ಹಿಂದೆ ಹೋದವರ ಕಥೆ ಬೇರೆಯೇ ನೋವಿನದು.

ತಂಗಡಿಗೆ ಬರೋಣ. ಹಳೆ ಮೈಸೂರು ಕಡೆಯವರ ಆವರಿಕೆ ಇದೇ. ನೆರೆಯ ತೆಲಂಗಾಣ ಇದನ್ನು ರಾಜ್ಯದ ಹೂವು ಮಾಡಿಕೊಂಡಿದೆ, ನವರಾತ್ರಿಯ ಬತುಕಮ್ಮದಲ್ಲಿ ಪೇರಿಸುವ ಹಳದಿ ಹೂವಿನ ಸಾಲು ಇದರದ್ದು. ಇದರ ತೊಗಟೆಯಲ್ಲಿ ಟ್ಯಾನಿನ್ ತುಂಬಿಕೊಂಡಿದೆ. ಟ್ಯಾನಿನ್ ಅಣು ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿದು ಗಟ್ಟಿ ಮಾಡುತ್ತದೆ. ಹಸಿ ತೊಗಲಿನ ಪ್ರೋಟೀನಿಗೆ ಅಂಟಿಕೊಂಡರೆ ತೊಗಲು ಕೊಳೆಯದ ಚರ್ಮವಾಗುತ್ತದೆ. ದಕ್ಷಿಣ ಭಾರತದ ಹದಗಾರರು ತಲೆತಲಾಂತರ ಹದ ಮಾಡಿದ್ದು ಈ ತೊಗಟೆಯಿಂದಲೇ, ಆಫ್ರಿಕದ ವ್ಯಾಟಲ್ ತೊಗಟೆ ಬಂದು ಇದನ್ನು ಹಿಂದಕ್ಕೆ ತಳ್ಳುವವರೆಗೆ. ಆಡು ಬಿಟ್ಟ ಗಿಡ ಕೊನೆಗೆ ಆಡಿನ ತೊಗಲನ್ನೇ ಹದ ಮಾಡಿತು. ಈಗ ಇದರ ಒಣ ಹೂವು ‘ಶುಗರ್ ಚಹಾ’ ಎಂಬ ಹೆಸರಲ್ಲಿ ಪೊಟ್ಟಣ ಕಟ್ಟಿ ಮಾರಾಟವಾಗುತ್ತದೆ. ಅದರ ಬೆನ್ನಿಗಿರುವ ಅಧ್ಯಯನಗಳು ಹೆಚ್ಚಾಗಿ ಇಲಿಗಳ ಮೇಲಿನವು. ಬೆಲ್ಲ ಹಾಕಿದ ಚಹಾ ಬಿಟ್ಟು ಇದನ್ನು ಕುಡಿದರೆ ಬೆಲ್ಲ ಬಿಟ್ಟ ಲಾಭ ಖಂಡಿತ ಇದೆ.

ಗುಡ್ಡ ಇಳಿದು ಹೊಲಕ್ಕೆ ಬಂದರೂ ಇದೇ ಲೆಕ್ಕ. ಕುಷ್ಟಗಿ, ಯಲಬುರ್ಗಾದ ರೈತರಿಗೆ ಯಾರೂ ಸೈನೈಡ್ ಪಾಠ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳಕ್ಕೆ ದನ ಬಾಯಿ ಹಾಕಿದರೆ ಹೊಲದಲ್ಲೇ ಬೀಳುತ್ತದೆ ಎಂದು ಅವರಿಗೆ ಗೊತ್ತು. ಎಳೆ ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತು ಇದೆ. ದನ ಅಗಿದಾಗ ಅದು ಒಡೆದು ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ, ಬರದಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಪೈರು ಬಲಿತಂತೆ ಇಳಿಯುತ್ತದೆ. ಕಾಳಿಗೆ ಆ ಭಯವೇ ಇಲ್ಲ, ರೊಟ್ಟಿಯನ್ನು ನಿರಾತಂಕವಾಗಿ ಬಡಿಯಬಹುದು. ಗಿಡ ಒಂದೇ, ವಯಸ್ಸು ಬೇರೆ, ಭಾಗ ಬೇರೆ.

ರೊಟ್ಟಿಯ ಮಗ್ಗುಲಲ್ಲಿ ಕೂರುವ ಅಗಸಿ ಹಿಂಡಿಯೂ ಇದೇ ಸೈನೈಡ್ ಬಳಗಕ್ಕೆ ಸೇರಿದ್ದು ಎಂದರೆ ಅಮ್ಮಂದಿರು ಸಿಟ್ಟಾದಾರು. ಅಗಸಿಯ ಹಸಿ ಕಾಳಿನಲ್ಲಿ ಲಿನುಸ್ಟಾಟಿನ್ ಮುಂತಾದ, ಸೈನೈಡ್ ಬಿಡುವ ವಸ್ತುಗಳು ಸ್ವಲ್ಪ ಪ್ರಮಾಣದಲ್ಲಿವೆ. ಅವುಗಳನ್ನು ಒಡೆಯುವ ಕಿಣ್ವವೂ ಅದೇ ಕಾಳಿನಲ್ಲಿದೆ. ಈಗ ನಮ್ಮ ಮನೆಗಳಲ್ಲಿ ಹಿಂಡಿ ಹೇಗೆ ಮಾಡುತ್ತಾರೆ ನೋಡಿ. ಮೊದಲು ಕಾಳನ್ನು ಚಟಪಟ ಸಿಡಿಯುವವರೆಗೆ ಹುರಿಯುತ್ತಾರೆ. ಬಿಸಿಗೆ ಆ ಕಿಣ್ವ ಸಾಯುತ್ತದೆ, ಸೈನೈಡ್ ಅಂಶ ಕಡಿಮೆಯಾಗುತ್ತದೆ. ಆಮೇಲೆ ಒಣ ಖಾರ, ಉಪ್ಪು, ಬಳ್ಳೊಳ್ಳಿ ಹಾಕಿ ಕುಟ್ಟುತ್ತಾರೆ. ಕುಟ್ಟುವುದೂ ರುಚಿಗೆ ಮಾತ್ರ ಅಲ್ಲ. ಇಡೀ ಅಗಸಿ ಕಾಳು ನುಣುಪು ಸಿಪ್ಪೆಯೊಂದಿಗೆ ಕರುಳಿನಲ್ಲಿ ಜಾರಿ ಹಾಗೇ ಹೊರಹೋಗುತ್ತದೆ, ಕುಟ್ಟಿದರೆ ಮಾತ್ರ ಒಳಗಿನ ಎಣ್ಣೆ ದೇಹಕ್ಕೆ ದಕ್ಕುತ್ತದೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೊಲೆನಿಕ್ ಆಮ್ಲ, ಸಸ್ಯಮೂಲದ ಒಮೆಗಾ–3. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಅಂದಾಜು 1.1ರಿಂದ 1.6 ಗ್ರಾಂ. 10 ಗ್ರಾಂ ಅಗಸಿಯಲ್ಲಿ 2 ಗ್ರಾಂಗೂ ಮೇಲಿದೆ. ಮೀನು ಅಪರೂಪವಾದ ಎರೆಹೊಲದ ಸೀಮೆಗೆ ಇದು ಸಣ್ಣ ಮಾತಲ್ಲ, ಮೀನಿನಲ್ಲಿರುವ ಒಮೆಗಾ–3 ಆಗಿ ದೇಹದಲ್ಲಿ ಮಾರ್ಪಡುವುದು ಅದರ ಸ್ವಲ್ಪ ಭಾಗ ಮಾತ್ರವಾದರೂ.

ಬಳ್ಳೊಳ್ಳಿಯ ಕಥೆ ತಿರುವುಮುರುವು. ಇಡೀ ಎಸಳಿಗೆ ಘಾಟು ಇಲ್ಲ. ಜಜ್ಜಿದಾಗ ಅಲ್ಲಿನೇಸ್ ಎಂಬ ಕಿಣ್ವ ಅಲ್ಲಿಇನ್ ಎಂಬ ವಸ್ತುವನ್ನು ಮುಟ್ಟಿ ಅಲ್ಲಿಸಿನ್ ಹುಟ್ಟುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವ ಅದರ ಗುಣವನ್ನು 1944ರಲ್ಲೇ ಗುರುತಿಸಲಾಯಿತು. ಇಡೀ ಎಸಳನ್ನು ಎಣ್ಣೆಗೆ ಹಾಕಿ ಹುರಿದರೆ ಕಿಣ್ವ ಮೊದಲೇ ಸಾಯುತ್ತದೆ, ಅಲ್ಲಿಸಿನ್ ಹುಟ್ಟುವುದೇ ಇಲ್ಲ. ಅಂದರೆ ಹಿಂಡಿಯಲ್ಲಿ ಕೊಲ್ಲಬೇಕಾದ ಕಿಣ್ವವನ್ನು ಹುರಿದು ಕೊಂದು, ಉಳಿಸಬೇಕಾದ ಕಿಣ್ವವನ್ನು ಹಸಿಯಾಗಿ ಜಜ್ಜಿ ಉಳಿಸಿದ್ದಾರೆ. ಇದನ್ನು ಕಂಡುಹಿಡಿದವರು ಯಾರೆಂದು ಯಾವ ಪುಸ್ತಕದಲ್ಲೂ ಹೆಸರಿಲ್ಲ. ಇಂಥ ಕಾಳನ್ನು ಪೇಟೆಯಲ್ಲಿ ‘ಫ್ಲ್ಯಾಕ್ಸ್ ಸೀಡ್’ ಎಂದು ಡಬ್ಬಿಯಲ್ಲಿ ಕೊಂಡು ಹಸಿಹಸಿಯಾಗಿ ನೀರಲ್ಲಿ ನುಂಗುವವರನ್ನು ಕಂಡಾಗ ಒರಳಿನ ಬೆಲೆ ತಿಳಿಯುತ್ತದೆ. ಒಂದು ಎಚ್ಚರ: ಈ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು, ವರ್ಷದ ಖಾರದಪುಡಿಯಂತೆ ಡಬ್ಬಿ ತುಂಬಿಡುವುದಲ್ಲ.

ಪುಂಡಿಪಲ್ಯಕ್ಕೂ ಒಂದೆರಡು ಮಾತು ಸಲ್ಲಬೇಕು. ಗಿಡದ ನಾರಿನಿಂದ ಹಗ್ಗ, ಎಲೆಯಿಂದ ಪಲ್ಯ. ಜೋಳದ ನುಚ್ಚು, ಬಳ್ಳೊಳ್ಳಿ ಹಾಕಿ ಕುದಿಸಿದ ಪುಂಡಿಯ ಹುಳಿ ಬರುವುದು ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳಿಂದ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಸೊಪ್ಪಿನಲ್ಲಿ, ಸಜ್ಜೆಯಲ್ಲಿ ಕಬ್ಬಿಣ ಇದೆ, ಆದರೆ ದೇಹ ಹೀರಿಕೊಳ್ಳುವುದು ಸ್ವಲ್ಪ ಮಾತ್ರ. ಹುಳಿ, ಅದರಲ್ಲೂ ಹಿಂಡಿದ ಲಿಂಬೆಯ ಸಿ ಜೀವಸತ್ವ, ಆ ಪಾಲನ್ನು ಹೆಚ್ಚಿಸುತ್ತದೆ. ಊಟವಾದ ಕೂಡಲೇ ಕುಡಿಯುವ ಗಟ್ಟಿ ಚಹಾ ಅದನ್ನು ಕಿತ್ತುಕೊಳ್ಳುತ್ತದೆ, ತೊಗಲಿಗೆ ಅಂಟುವ ಟ್ಯಾನಿನ್ ಬಳಗವೇ ಕಬ್ಬಿಣಕ್ಕೂ ಅಂಟುತ್ತದೆ. ಉಂಡ ಮೇಲೆ ಒಂದು ತಾಸು ಚಹಾ ಮುಂದೂಡಿದರೆ ದುಡ್ಡು ಖರ್ಚಿಲ್ಲದ ಲಾಭ. ರಾಜಗಿರಿಯಲ್ಲಿ ಆಕ್ಸಲೇಟ್ ಜಾಸ್ತಿ, ಮೂತ್ರದಲ್ಲಿ ಹರಳಾದವರು ಕುದಿಸಿ ನೀರು ಬಸಿದು ತಿನ್ನಲಿ. ರಕ್ತ ತೀರಾ ಕಡಿಮೆಯಾದವರಿಗೆ ಸೊಪ್ಪು ಸಾಲದು, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ನುಂಗಲೇಬೇಕು.

ಹಕ್ಕರಕಿ, ಹೊನಗೊನ್ನಿ, ಕಿರಕಸಾಲಿಯಂಥ ತಾನಾಗಿ ಬೆಳೆಯುವ ಸೊಪ್ಪುಗಳು ಎರೆಹೊಲದಲ್ಲಿ ಇನ್ನೂ ಉಳಿದಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಗಂಗಾವತಿ ಕಡೆ ಭತ್ತದ ಬದುವಿನಲ್ಲಿ ಹೊನಗೊನ್ನಿ ಸೊಂಪಾಗಿ ಬರುತ್ತದೆ. ಆದರೆ ಅಲ್ಲಿ ಕಳೆನಾಶಕ ಸಿಂಪಡಿಸುವ ಪಂಪು ಅದಕ್ಕಿಂತ ಮೊದಲೇ ಬಂದಿರುತ್ತದೆ. ಯಾವ ಹೊಲಕ್ಕೆ ಏನು ಹೊಡೆದಿದ್ದಾರೆ ಎಂದು ಕೇಳದೆ ಬದುವಿನ ಸೊಪ್ಪು ಕೊಯ್ಯಬೇಡಿ. ಎಲೆಯ ಸ್ವಂತ ರಸಾಯನದ ಬಗ್ಗೆ ಇಷ್ಟು ಹೊತ್ತು ಮಾತಾಡಿದೆವು, ಮೇಲಿಂದ ಬಿದ್ದದ್ದು ಅದಕ್ಕಿಂತ ಕೆಟ್ಟದ್ದಿರಬಹುದು.

ಇನ್ನು ಪ್ರಸಿದ್ಧರಿಬ್ಬರು. ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಕ್ಕೆ ಅಂಟಿ ಕೂರುವುದರಿಂದ ಅರ್ಧ ಗಂಟೆಯಷ್ಟಾದರೂ ಸಿಹಿ ತಿಳಿಯುವುದಿಲ್ಲ. ರಕ್ತದ ಸಕ್ಕರೆಯ ಮೇಲೂ ಪರಿಣಾಮ ಇದ್ದೀತು. 1990ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನದಲ್ಲಿ 22 ರೋಗಿಗಳಿಗೆ ಮಾತ್ರೆಯ ಜೊತೆಗೆ ಇದರ ಸಾರ ಕೊಟ್ಟಾಗ ಸಕ್ಕರೆ ಇಳಿದಿತ್ತು. 22 ಮಂದಿಯಿಂದ ಊರಿಗೆಲ್ಲ ಔಷಧ ಬರೆಯಲಾಗದು. ಮಾತ್ರೆಯೂ ಎಲೆಯೂ ಕೂಡಿ ಸಕ್ಕರೆ ತೀರಾ ಕುಸಿದು ತಲೆ ತಿರುಗುವ ಅಪಾಯವೂ ಇದೆ. ಅಮೃತಬಳ್ಳಿಯದು ಕೋವಿಡ್ ಕಾಲದ ಕಥೆ. ಮನೆಮನೆಯಲ್ಲಿ ಕಷಾಯ ಕುದಿಯಿತು, 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ 6 ಮಂದಿಯ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅವರು ಸೇವಿಸಿದ್ದು ನೋಡಲು ಹಾಗೇ ಇರುವ ಬೇರೊಂದು ಬಳ್ಳಿ ಇರಬಹುದು ಎಂದಿತು. ಮರುವರ್ಷ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು.

ಸಚಿವಾಲಯದ ಮಾತು ಸರಿಯೆಂದೇ ಇಟ್ಟುಕೊಂಡರೂ ಸಮಾಧಾನವಾಗುವುದಿಲ್ಲ. ಬೇಲಿಯ ಮೇಲೆ ಹಬ್ಬಿದ ಎರಡು ಬಳ್ಳಿಗಳನ್ನು ಪಂಡಿತರೇ ಬೆರೆಸಿಕೊಳ್ಳುವಾಗ ಸಂತೆಯಲ್ಲಿ ಒಣಗಿಸಿ ತುಂಡು ಮಾಡಿ ಮಾರುವ ಕಡ್ಡಿ ಯಾವುದೆಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ? ಗಂಗಾವತಿಯಲ್ಲಿ ಒಂದು ಹೆಸರು, ಯಲಬುರ್ಗಾದಲ್ಲಿ ಇನ್ನೊಂದು. ಕಣ್ಣು ಹಳದಿಯಾಗಿ, ಮೂತ್ರ ಕೆಂಪಗಾಗಿ ದವಾಖಾನೆಗೆ ಹೋದವರು ವೈದ್ಯರು ಬೈದಾರೆಂದು ಕಷಾಯದ ಮಾತನ್ನೇ ಮುಚ್ಚಿಡುತ್ತಾರೆ. ವೈದ್ಯರೂ ‘ಯಾವ ಮಾತ್ರೆ ತಗೊಂಡೀರಿ’ ಎಂದು ಕೇಳುತ್ತಾರೆಯೇ ಹೊರತು ‘ಯಾವ ಎಲೆ ಕುಡಿದೀರಿ’ ಎಂದು ಕೇಳುವುದು ಕಡಿಮೆ. ಹಾಗೆ ಹೋಗಬೇಕಾಗಿ ಬಂದರೆ ಕುಡಿದದ್ದರ ಹೆಸರು ಹೇಳಿ ಸುಮ್ಮನಾಗಬೇಡಿ. ಎಲೆ, ಹೂವು, ಕಾಯಿ ಇದ್ದ ಒಂದು ಟೊಂಗೆಯನ್ನೇ ಮುರಿದು ಕ್ಯಾರಿಬ್ಯಾಗಿಗೆ ಹಾಕಿಕೊಂಡು ಹೋಗಿ, ಉಳಿದ ಪುಡಿ ಇದ್ದರೆ ಪೊಟ್ಟಣ ಸಮೇತ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಲೋಟ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡಿದ್ದರೆ ಇನ್ನೂ ಒಳ್ಳೆಯದು.